ಆಫೀಸ್ ಲ್ಯಾಪ್‌ಟಾಪ್ ಇಷ್ಟು ನಿಧಾನ ಯಾಕೆ? ಒಂದೊಂದು ಬೀಗಕ್ಕೂ ಒಂದೊಂದು ಕಥೆ

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ. ಜಗಲಿ ಮೇಲೆ ಕೂತು ಅದನ್ನು ಆನ್ ಮಾಡಿ, ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಪರದೆ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. 'ಅಷ್ಟು ದೊಡ್ಡ ಕಂಪನಿ, ಇದಕ್ಕಿಂತ ನನ್ನ ಹಳೇ ಮೊಬೈಲೇ ಚುರುಕು' ಎಂದು ಅಪ್ಪ ಹೇಳಿದರೆ ಸಿಗುವ ಉತ್ತರ ಒಂದೇ: 'ಆಫೀಸಿನದ್ದು, ಅದು ಹಾಗೇ.'

ಆ 'ಹಾಗೇ' ಎಂಬ ಮಾತಿನ ಹಿಂದೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅದೇ ಮಾದರಿಯ ಲ್ಯಾಪ್‌ಟಾಪನ್ನು ಅಂಗಡಿಯಲ್ಲಿ ಕೊಂಡು ತಂದರೆ ಓಡುತ್ತದೆ, ಕಂಪನಿ ಕೊಟ್ಟರೆ ತೆವಳುತ್ತದೆ. ಯಂತ್ರ ಒಂದೇ, ಅದರ ಹೆಗಲ ಮೇಲೆ ಕೂತವರು ಬೇರೆ. ವೈರಸ್ ಹುಡುಕುವ ತಂತ್ರಾಂಶ ಒಂದು, ಡಿಸ್ಕಿಗೆ ಬೀಗ ಹಾಕುವುದು ಇನ್ನೊಂದು. ಯಾರು ಯಾವ ಫೈಲ್ ತೆಗೆದರು ಎಂದು ಬರೆದಿಡುವುದು ಮತ್ತೊಂದು. ಒಂದೊಂದೂ ಎಲ್ಲೋ ಒಂದು ಅನಾಹುತ ಆದ ಮೇಲೆ ಬಂದು ಕೂತದ್ದು. ಬಂದದ್ದು ಎದ್ದು ಹೋದ ಉದಾಹರಣೆ ಕಡಿಮೆ.

ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಆಫೀಸ್ ಲ್ಯಾಪ್‌ಟಾಪ್ ಎಲ್ಲಿಂದ ಬರಬೇಕು, ಸ್ವಂತ ಫೋನೇ ಗತಿ. ಆದರೂ ಈ ಕಥೆಯನ್ನು ಹುಡುಕಿಕೊಂಡು ಹೋದೆವು. ಯಾಕೆಂದರೆ ಊರು ಬಿಟ್ಟು ಹೋದ ನಮ್ಮ ಓರಗೆಯವರಲ್ಲಿ ಎಷ್ಟೋ ಮಂದಿಯ ದಿನದ ದುಡಿಮೆ ಆ ಸುತ್ತುವ ಚಕ್ರದ ಮುಂದೆಯೇ ಕಳೆಯುತ್ತದೆ. ಕೆಲಸ ಮುಗಿಯಲಿಲ್ಲ ಎಂದು ಬೈಸಿಕೊಳ್ಳುವವರೂ ಅವರೇ, ರಾತ್ರಿ ಕೂತು ಮುಗಿಸುವವರೂ ಅವರೇ.

ಮೊದಲ ಬೀಗದ ಕಥೆ ಸ್ವಲ್ಪ ತಮಾಷೆಯದ್ದು. 1961ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೋ ಮತ್ತು ಅವರ ತಂಡದವರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಆಗ ಕಂಪ್ಯೂಟರ್ ಅಂದರೆ ಕೋಣೆ ತುಂಬುವ ಯಂತ್ರ. ಇಡೀ ಸಂಸ್ಥೆಗೆ ಒಂದೋ ಎರಡೋ. ಕಾಲುವೆ ನೀರನ್ನು ಸರದಿ ಮೇಲೆ ಗದ್ದೆಗೆ ಬಿಟ್ಟುಕೊಂಡ ಹಾಗೆ, ಆ ಒಂದು ಯಂತ್ರವನ್ನು ಹತ್ತಾರು ಜನ ಒಟ್ಟಿಗೆ ಬಳಸುವಂತೆ ಮಾಡಿದ್ದು ಈ ವ್ಯವಸ್ಥೆ. ಒಬ್ಬರ ಫೈಲನ್ನು ಇನ್ನೊಬ್ಬರು ನೋಡಬಾರದಲ್ಲ, ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು. ಜೊತೆಗೆ ಯಾರಿಗೆ ವಾರಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕವೂ ಇತ್ತು.

ಅಲ್ಲಿ ಆಲನ್ ಶೆರ್ ಎಂಬ ಪಿಎಚ್‌ಡಿ ವಿದ್ಯಾರ್ಥಿ ಇದ್ದರು. ಅವರ ಪಾಲಿಗೆ ಸಿಕ್ಕಿದ್ದು ವಾರಕ್ಕೆ ನಾಲ್ಕು ಗಂಟೆ. ಕೆಲಸಕ್ಕೆ ಅದು ಯಾತಕ್ಕೂ ಸಾಲುತ್ತಿರಲಿಲ್ಲ. 1962ರಲ್ಲಿ ಒಂದು ಶುಕ್ರವಾರ ರಾತ್ರಿ ಅವರು ಪಾಸ್‌ವರ್ಡ್‌ಗಳಿದ್ದ ಫೈಲನ್ನೇ ಮುದ್ರಿಸಿ ಕೊಡಿ ಎಂದು ಯಂತ್ರಕ್ಕೆ ಒಂದು ರಂಧ್ರದ ಕಾರ್ಡ್ ಹಾಕಿ ಹೋದರು. ಶನಿವಾರ ಬೆಳಿಗ್ಗೆ ಬೇಗ ಬಂದು, ಮುದ್ರಿಸಿದ ಕಾಗದಗಳನ್ನು ಇಡುವ ಕಪಾಟಿನಿಂದ ಆ ಪಟ್ಟಿ ಎತ್ತಿಕೊಂಡರು. ಆಮೇಲೆ ಬೇರೆಯವರ ಹೆಸರಿನಲ್ಲಿ ಯಂತ್ರ ಬಳಸಿದರು. ಇದನ್ನು ಅವರು ಬಾಯಿಬಿಟ್ಟು ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಶೆರ್ ಕಳ್ಳತನಕ್ಕೆ ಹೊರಟವರಲ್ಲ, ಅವರಿಗೆ ಕೆಲಸ ಮುಗಿಯಬೇಕಿತ್ತು. ನಿಯಮ ಕೆಲಸಕ್ಕೆ ಅಡ್ಡ ಬಂದಾಗ ಮನುಷ್ಯ ಸುತ್ತು ದಾರಿ ಹುಡುಕುತ್ತಾನೆ ಎಂಬುದು ಪಾಸ್‌ವರ್ಡ್ ಹುಟ್ಟಿದ ಸ್ವಲ್ಪ ಸಮಯದಲ್ಲೇ ಗೊತ್ತಾಗಿ ಹೋಗಿತ್ತು.

1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂತು. ಮೇಜಿನ ಮೇಲೆ ಇಟ್ಟುಕೊಳ್ಳುವ, ಒಬ್ಬರದೇ ಆದ ಕಂಪ್ಯೂಟರ್. ಪಾಸ್‌ವರ್ಡ್ ಇಲ್ಲ, ಕಾವಲು ಇಲ್ಲ, ಕೇಳುವವರಿಲ್ಲ. ಫ್ಲಾಪಿ ಹಾಕು, ಕೆಲಸ ಮಾಡು. ಹಳ್ಳಿ ಮನೆ ಬಾಗಿಲು ಹಗಲೆಲ್ಲ ತೆರೆದೇ ಇರುವ ಹಾಗೆ. ಇದು ನಡೆದದ್ದು ಕೆಲವೇ ವರ್ಷ.

1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದರು. ತಾವು ಬರೆದ ತಂತ್ರಾಂಶವನ್ನು ಜನ ಕಾಸು ಕೊಡದೆ ನಕಲು ಮಾಡಿಕೊಳ್ಳುತ್ತಾರೆ ಎಂಬ ಸಿಟ್ಟಿಗೆ ಫ್ಲಾಪಿಯಿಂದ ಫ್ಲಾಪಿಗೆ ಹರಡುವ ಒಂದು ಸಣ್ಣ ಪ್ರೋಗ್ರಾಂ ಬರೆದರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು! ಅದೇ 'ಬ್ರೇನ್' ವೈರಸ್. ಐಬಿಎಂ ಪಿಸಿಗಳಿಗೆ ಬಂದ ಮೊದಲ ವೈರಸ್ ಎಂದು ಹೆಸರಾದದ್ದು. ಅದು ಮಾಡುತ್ತಿದ್ದ ಮುಖ್ಯ ತೊಂದರೆ ಏನು ಗೊತ್ತೇ? ಫ್ಲಾಪಿ ಡ್ರೈವನ್ನು ನಿಧಾನ ಮಾಡುವುದು. ಆಗ ಕಂಪ್ಯೂಟರ್ ನಿಧಾನವಾದರೆ ವೈರಸ್ ಬಂದಿದೆ ಎಂದು ಅನುಮಾನಪಡುತ್ತಿದ್ದರು. ಈಗ ನಿಧಾನವಾದರೆ ವೈರಸ್ ಹುಡುಕುವವನು ಕೆಲಸ ಮಾಡುತ್ತಿದ್ದಾನೆ ಎಂದುಕೊಳ್ಳಬೇಕಾಗಿದೆ.

ಮರುವರ್ಷವೇ ಅಮೆರಿಕದಲ್ಲಿ ಮೆಕಾಫಿ ಕಂಪನಿ ಶುರುವಾಯಿತು. ಮೊದಮೊದಲು ವೈರಸ್ ತಪಾಸಣೆ ಎಂದರೆ ಬೇಕಾದಾಗ ಮಾಡಿಕೊಳ್ಳುವ ಕೆಲಸ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದ ಹಾಗೆ. ಬರಬರುತ್ತಾ ಅದು ಕಂಪ್ಯೂಟರಿನೊಳಗೆ ಖಾಯಂ ಆಗಿ ಕೂತಿತು. ನೀವು ಒಂದು ಫೈಲ್ ತೆರೆದರೆ, ತೆರೆಯುವ ಮೊದಲು ಅದು ನೋಡುತ್ತದೆ. ಉಳಿಸಿದರೆ ಮತ್ತೆ ನೋಡುತ್ತದೆ. ಪತ್ರ ಬರೆಯುವವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಸಾಫ್ಟ್‌ವೇರ್ ಬರೆಯುವವರ ಒಂದು ಕೆಲಸಕ್ಕೆ ಸಾವಿರಾರು ಪುಟ್ಟ ಪುಟ್ಟ ಫೈಲ್‌ಗಳು ತೆರೆದು ಮುಚ್ಚಬೇಕು. ಲಾರಿಯಲ್ಲಿರುವ ಒಂದೊಂದು ತೆಂಗಿನಕಾಯನ್ನೂ ಚೆಕ್‌ಪೋಸ್ಟಿನಲ್ಲಿ ಇಳಿಸಿ ನೋಡಿ ಹತ್ತಿಸಿದರೆ ಲಾರಿ ಯಾವಾಗ ಎಪಿಎಂಸಿ ತಲುಪಬೇಕು?

ಇಂಟರ್ನೆಟ್ ಬಂದ ಮೇಲೆ ಫ್ಲಾಪಿ ಬೇಕಾಗಲಿಲ್ಲ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ತಲೆಬರಹದ ಇಮೇಲ್ ಫಿಲಿಪ್ಪೀನ್ಸ್‌ನಿಂದ ಹೊರಟು ಪ್ರಪಂಚವನ್ನೇ ಸುತ್ತಿತು. ತೆರೆದವರ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಹೋಯಿತು. ಬರೆದ ಹುಡುಗನನ್ನು ಶಿಕ್ಷಿಸಲು ಆ ದೇಶದಲ್ಲಿ ಆಗ ಕಾನೂನೇ ಇರಲಿಲ್ಲ. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ ಅಕ್ಟೋಬರಿನಲ್ಲಿ.

2003ರ ಜನವರಿ 25ರಂದು ಬಂದ 'ಸ್ಲ್ಯಾಮರ್' ಇನ್ನೂ ಭಯಂಕರ. ಬರೀ 376 ಬೈಟ್ ಉದ್ದ, ಅಂದರೆ ಒಂದು ವಾಟ್ಸ್‌ಆ್ಯಪ್ ಮೆಸೇಜಿನಷ್ಟು. ಹತ್ತೇ ನಿಮಿಷದಲ್ಲಿ ಪ್ರಪಂಚದಲ್ಲಿ ಅದಕ್ಕೆ ಸಿಗಬಹುದಾಗಿದ್ದ ಬಹುಪಾಲು ಯಂತ್ರಗಳಿಗೆ ತಗುಲಿತು. ಅಮೆರಿಕದ ದೊಡ್ಡ ಬ್ಯಾಂಕೊಂದರ ಎಟಿಎಂಗಳು ಕೆಲಸ ನಿಲ್ಲಿಸಿದವು. ಇದರಲ್ಲಿ ಕಂಪನಿಗಳ ಕಣ್ಣು ತೆರೆಸಿದ ಸಂಗತಿ ಬೇರೆಯೇ ಇತ್ತು. ಆ ತೂತು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಕೊಟ್ಟಿತ್ತು. ಎಷ್ಟೋ ಮಂದಿ ಹಾಕಿಕೊಂಡಿರಲಿಲ್ಲ.

ಅಲ್ಲಿಂದ ಮುಂದೆ 'ಬಳಸುವವರ ಇಷ್ಟಕ್ಕೆ ಬಿಟ್ಟರೆ ಆಗುವುದಿಲ್ಲ' ಎಂಬ ತೀರ್ಮಾನ ಗಟ್ಟಿಯಾಯಿತು. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳನ್ನು ಒಟ್ಟಿಗೆ ಬಿಡುವ ಪದ್ಧತಿ ಶುರು ಮಾಡಿತು. ಅಲ್ಲಿ ಮಂಗಳವಾರ ಬೆಳಿಗ್ಗೆ ಅಂದರೆ ಇಲ್ಲಿ ರಾತ್ರಿ. ತಿಂಗಳ ಆ ವಾರದಲ್ಲಿ ನಮ್ಮವರ ಲ್ಯಾಪ್‌ಟಾಪ್ 'ರೀಸ್ಟಾರ್ಟ್ ಮಾಡಿ' ಎಂದು ಹಟ ಹಿಡಿಯುವುದಕ್ಕೆ ಮೂಲ ಇಲ್ಲಿದೆ. ಅದನ್ನು ಎಲ್ಲರ ಮೇಲೂ ಹೇರುವ ಸಲಕರಣೆಯೂ ಆಗಲೇ ಸಿದ್ಧವಿತ್ತು. 2000ದಲ್ಲಿ ಬಂದ ವಿಂಡೋಸ್ 2000ದಲ್ಲಿ 'ಗ್ರೂಪ್ ಪಾಲಿಸಿ' ಎಂಬುದೊಂದು ಇತ್ತು. ಕಚೇರಿಯಲ್ಲಿ ಒಬ್ಬರು ಕೂತು ಒಂದು ನಿಯಮ ಬರೆದರೆ ಸಾವಿರ ಕಂಪ್ಯೂಟರ್‌ಗಳಿಗೆ ಅದು ಅನ್ವಯ. ಕಂಪ್ಯೂಟರ್ ಆನ್ ಆದಾಗ, ನೀವು ಲಾಗಿನ್ ಆದಾಗ, ಆಮೇಲೆ ಸುಮಾರು 90 ನಿಮಿಷಕ್ಕೊಮ್ಮೆ ಅದು ಕಚೇರಿಯ ಸರ್ವರನ್ನು 'ಹೊಸ ನಿಯಮ ಏನಾದರೂ ಬಂತೇ' ಎಂದು ಕೇಳುತ್ತದೆ. ಬೆಳಿಗ್ಗೆ ಲಾಗಿನ್ ಆಗಲು ಹಿಡಿಯುವ ಹೊತ್ತಿನಲ್ಲಿ ಒಂದು ಪಾಲು ಈ ಮಾತುಕತೆಗೆ ಹೋಗುತ್ತದೆ.

ಇನ್ನೊಂದು ಕಡೆಯಿಂದ ಕಾನೂನು ಬಂತು. 2001ರ ಕೊನೆಗೆ ಅಮೆರಿಕದ ಎನ್‌ರಾನ್ ಕಂಪನಿ ಸುಳ್ಳು ಲೆಕ್ಕ ಬರೆದು ದಿವಾಳಿಯಾಯಿತು. ಮರುವರ್ಷ ಜುಲೈನಲ್ಲಿ ಆ ದೇಶ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ತಂದಿತು. ಲೆಕ್ಕ ಬರೆಯುವ ವ್ಯವಸ್ಥೆ ಬಿಗಿಯಾಗಿದೆ ಎಂದು ಕಂಪನಿ ಪುರಾವೆ ತೋರಿಸಬೇಕು ಎಂಬುದು ಅದರ ಒಂದು ಷರತ್ತು. ಲೆಕ್ಕ ಇರುವುದು ಕಂಪ್ಯೂಟರಿನಲ್ಲಿ, ಹಾಗಾಗಿ ಕಂಪ್ಯೂಟರಿನ ಮೇಲೂ ಕಣ್ಣು ಬಿತ್ತು.

ಎಲ್ಲಿಯ ಎನ್‌ರಾನ್, ಎಲ್ಲಿಯ ಬೆಂಗಳೂರು ಎನ್ನಬೇಡಿ. ಇನ್ಫೋಸಿಸ್ 1999ರಲ್ಲೇ, ವಿಪ್ರೋ 2000ದಲ್ಲೇ ಅಮೆರಿಕದ ಷೇರುಪೇಟೆಗೆ ಹೋಗಿದ್ದವು. ಆ ಕಾನೂನು ಅವಕ್ಕೂ ಅನ್ವಯ. ಅಲ್ಲದೆ ನಮ್ಮ ಕಂಪನಿಗಳ ಗಿರಾಕಿಗಳೆಲ್ಲ ಅಮೆರಿಕ, ಯುರೋಪಿನ ಬ್ಯಾಂಕು, ವಿಮೆ, ಆಸ್ಪತ್ರೆಗಳು. 'ನಮ್ಮ ಕೆಲಸ ಮಾಡುವ ಕೋಣೆಗೆ ಮೊಬೈಲ್ ತರಬಾರದು, ಪೆನ್ ಡ್ರೈವ್ ಚುಚ್ಚುವಂತಿರಬಾರದು, ಯಾರು ಏನು ತೆರೆದರು ಎಂಬ ದಾಖಲೆ ಬೇಕು' ಎಂದು ಅವರು ಒಪ್ಪಂದದಲ್ಲೇ ಬರೆಸತೊಡಗಿದರು. ಅವರ ಕಡೆಯ ಆಡಿಟರ್ ಬಂದಾಗ ಪಟ್ಟಿ ಹಿಡಿದು ಟಿಕ್ ಮಾಡುತ್ತಾರೆ. ಆ ಪಟ್ಟಿಯಲ್ಲಿ 'ಆ್ಯಂಟಿವೈರಸ್ ಇದೆಯೇ' ಎಂಬ ಪ್ರಶ್ನೆ ಇರುತ್ತದೆ. 'ಅದು ಇದ್ದೂ ಕೆಲಸ ಮಾಡಲು ಆಗುತ್ತಿದೆಯೇ' ಎಂಬ ಪ್ರಶ್ನೆ ಇರುವ ಪಟ್ಟಿಯನ್ನು ನಾವಂತೂ ಕಂಡಿಲ್ಲ.

ಪೆನ್ ಡ್ರೈವ್ ವಿಷಯದಲ್ಲಿ ಅವರ ಭಯ ಸುಳ್ಳಲ್ಲ. 2008ರಲ್ಲಿ ಅಮೆರಿಕದ ಸೇನೆಯ ಕಂಪ್ಯೂಟರುಗಳಿಗೇ ಪೆನ್ ಡ್ರೈವ್ ಮೂಲಕ ಸೋಂಕು ಹೊಕ್ಕು, ಅಲ್ಲಿ ಅದನ್ನು ಬಳಸುವುದನ್ನೇ ನಿಷೇಧಿಸಿದ್ದರು. ನಮ್ಮ ಕಡೆ ಜೆರಾಕ್ಸ್ ಅಂಗಡಿಗೆ ಪೆನ್ ಡ್ರೈವ್ ಕೊಟ್ಟು ವಾಪಸ್ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಿಸ್ಕಿನ ಬೀಗಕ್ಕೆ ಕಾರಣವಾದದ್ದರಲ್ಲಿ ಒಂದು ಮನೆಗಳ್ಳತನವೂ ಇದೆ. 2006ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರರೊಬ್ಬರ ಮನೆಯಿಂದ ಲ್ಯಾಪ್‌ಟಾಪ್ ಕಳುವಾಯಿತು. ಅದರ ಜೊತೆಗೆ ಹೋದದ್ದು ಸುಮಾರು 2 ಕೋಟಿ 65 ಲಕ್ಷ ಜನರ ವಿವರ. ಮುಂದಿನ ತಿಂಗಳು ಲ್ಯಾಪ್‌ಟಾಪ್ ಸಿಕ್ಕಿತು, ಕಳ್ಳರು ಒಳಗಿದ್ದ ಮಾಹಿತಿ ಮುಟ್ಟಿರಲಿಲ್ಲ ಎಂದು ತನಿಖೆಯವರು ಹೇಳಿದರು. ಆದರೂ ಅಲ್ಲಿಯ ಸರ್ಕಾರ ಹೊರಗೆ ಒಯ್ಯುವ ಯಂತ್ರಗಳ ಮಾಹಿತಿಗೆಲ್ಲ ಗೂಢಲಿಪಿಯ ಬೀಗ ಹಾಕಬೇಕೆಂದು ಹೇಳಿತು. ಖಾಸಗಿ ಕಂಪನಿಗಳೂ ಅದೇ ದಾರಿ ಹಿಡಿದವು. ಆಗ ಈ ಬೀಗ ಲ್ಯಾಪ್‌ಟಾಪನ್ನು ನಿಜವಾಗಿಯೂ ಎಳೆಯುತ್ತಿತ್ತು. 2010ರ ಹೊತ್ತಿಗೆ ಇಂಟೆಲ್ ಆ ಲೆಕ್ಕ ಮಾಡುವ ಸೂಚನೆಗಳನ್ನು ಚಿಪ್ಪಿನೊಳಗೇ ಸೇರಿಸಿದ್ದರಿಂದ ಈಗ ಅದರ ಭಾರ ಹೆಚ್ಚು ಕಾಣುವುದಿಲ್ಲ. ಹೀಗೆ ಹಗುರವಾದ ಬೀಗ ಅಂತ ನಮಗೆ ಎದ್ದು ಕಂಡದ್ದು ಇದೊಂದೇ.

ಬೀಗಗಳೇ ಬೇಡ ಎಂದು ನಾವು ಹೇಳುತ್ತಿಲ್ಲ. ನಮ್ಮ ರಾಜ್ಯದ ಭೂಮಿ ಯೋಜನೆಯನ್ನೇ ನೋಡಿ. ಶತಮಾನ ಬದಲಾಗುವ ಹೊತ್ತಿಗೆ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅದಕ್ಕೂ ಮೊದಲು ದಾಖಲೆ ಇದ್ದದ್ದು ಕೈಬರಹದಲ್ಲಿ, ಗ್ರಾಮ ಲೆಕ್ಕಿಗರ ಕೈಯಲ್ಲಿ. ಒಂದು ಗೀಟು, ಒಂದು ತಿದ್ದುಪಡಿ ಯಾರ ಹೊಲವನ್ನು ಯಾರಿಗೆ ಮಾಡಿತು ಎಂಬ ಕಥೆಗಳು ಪ್ರತಿ ಊರಿನಲ್ಲೂ ಇವೆ. ಭೂಮಿಯಲ್ಲಿ ದಾಖಲೆ ಬದಲಿಸುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾರು ಬದಲಿಸಿದರು ಎಂಬುದು ಉಳಿಯುತ್ತಿತ್ತು. ಆ ಬೀಗ ಅಧಿಕಾರಿಗೆ ಕಿರಿಕಿರಿಯೇ ಇರಬಹುದು. ರೈತನಿಗೆ ಅದು ರಕ್ಷಣೆ.

2017ರ ಮೇ 12ರಂದು 'ವಾನ್ನಾಕ್ರೈ' ಬಂದಾಗಲೂ ಹಾಗೆಯೇ. ಫೈಲ್‌ಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದು. ಎರಡು ತಿಂಗಳ ಹಿಂದೆ ಬಂದಿದ್ದ ತೇಪೆ ಹಾಕಿಕೊಳ್ಳದ ಯಂತ್ರಗಳು ಮಲಗಿದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆ ರದ್ದಾದವು. ಅಷ್ಟು ದೂರ ಯಾಕೆ, ನಮ್ಮ ಗಡಿಗೆ ಅಂಟಿದ ಕೇರಳದ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಿಗೂ ಅದು ತಗುಲಿತ್ತು. ಅಪ್‌ಡೇಟ್ ಹಾಕಿಸುವ ಐಟಿ ವಿಭಾಗದವರನ್ನು ಬೈಯುವ ಮುಂಚೆ ಇದನ್ನೂ ನೆನಪಿಡಬೇಕು. ಏನೂ ಆಗದಿದ್ದರೆ ಅವರನ್ನು ಯಾರೂ ಹೊಗಳುವುದಿಲ್ಲ, ಏನಾದರೂ ಆದರೆ ಮೊದಲು ಹಿಡಿಯುವುದು ಅವರನ್ನೇ. ಹಾಗಿರುವಾಗ ಅವರು ಒಂದು ಬೀಗ ಹೆಚ್ಚಿಗೆ ಹಾಕುವುದರಲ್ಲಿ ಆಶ್ಚರ್ಯ ಇಲ್ಲ.

ನಮ್ಮ ತಕರಾರು ಇರುವುದು ಲೆಕ್ಕದಲ್ಲಿ. ಬೀಗದಿಂದ ತಪ್ಪಿದ ನಷ್ಟವನ್ನು ಕಂಪನಿ ಲೆಕ್ಕ ಹಾಕುತ್ತದೆ. ಬೀಗದ ಮುಂದೆ ನೌಕರ ನಿಂತು ಕಳೆದ ಹೊತ್ತನ್ನು ಯಾರು ಲೆಕ್ಕ ಹಾಕುತ್ತಾರೆ? ಇದನ್ನು ಕೇಳಿದವರಲ್ಲಿ ನಾವು ಮೊದಲಿಗರಲ್ಲ. 1999ರಲ್ಲೇ ಲಂಡನ್ನಿನ ಆ್ಯನ್ ಆ್ಯಡಮ್ಸ್ ಮತ್ತು ಆ್ಯಂಜೆಲಾ ಸಾಸ್ಸೆ ಎಂಬ ಸಂಶೋಧಕಿಯರು ಕಚೇರಿ ನೌಕರರನ್ನು ಮಾತನಾಡಿಸಿ, ಬಳಸುವವರನ್ನು ಶತ್ರುಗಳಂತೆ ನೋಡಬೇಡಿ ಎಂದು ಬರೆದರು. ಜನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ಉಡಾಫೆಯಿಂದಲ್ಲ, ನೆನಪಿಡಲು ಆಗದಷ್ಟು ಪಾಸ್‌ವರ್ಡ್‌ಗಳನ್ನು ಮೇಲಿಂದ ಮೇಲೆ ಬದಲಿಸಿ ಎಂದದ್ದರಿಂದ ಎಂಬುದು ಅವರು ಕಂಡ ಸಂಗತಿ. 2009ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದಲ್ಲೇ ಇದ್ದ ಕಾರ್ಮ್ಯಾಕ್ ಹರ್ಲಿ ಇನ್ನೂ ಮುಂದೆ ಹೋದರು. ಸುರಕ್ಷತೆಯ ಸಲಹೆ ಕೊಡುವವರು ಜನರ ಸಮಯಕ್ಕೆ ಬೆಲೆಯೇ ಇಲ್ಲ ಎಂದುಕೊಂಡು ಲೆಕ್ಕ ಹಾಕುತ್ತಾರೆ, ಬೆಲೆ ಹಾಕಿ ನೋಡಿದರೆ ಆ ಸಲಹೆಯನ್ನು ಜನ ತಳ್ಳಿಹಾಕುವುದರಲ್ಲಿ ತಪ್ಪಿಲ್ಲ ಎಂದರು.

ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಎನ್ನುವ ನಿಯಮದ ಗತಿಯೇ ಇದಕ್ಕೆ ಸಾಕ್ಷಿ. ಆಗಾಗ ಬದಲಿಸಬೇಕು, ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಇರಬೇಕು ಎಂಬ ಬುದ್ಧಿಮಾತು ಜಗತ್ತಿಗೆಲ್ಲ ಹರಡಲು ದೊಡ್ಡ ಕಾರಣ, 2003ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಬಿಲ್ ಬರ್ ಎಂಬುವರು ಬರೆದ ದಾಖಲೆ. 2017ರಲ್ಲಿ ನಿವೃತ್ತರಾಗಿದ್ದ ಬರ್ ಪತ್ರಿಕೆಯೊಂದಕ್ಕೆ ಮಾತನಾಡಿ, ಅದರಲ್ಲಿ ಬಹಳಷ್ಟಕ್ಕೆ ತಾವೀಗ ವಿಷಾದಪಡುವುದಾಗಿ ಹೇಳಿದರು. ಅದೇ ವರ್ಷ ಆ ಸಂಸ್ಥೆಯೂ ಕಾರಣವಿಲ್ಲದೆ ಬದಲಿಸಲು ಹೇಳಬೇಡಿ ಎಂದು ನಿಯಮ ತಿದ್ದಿತು. ಬರೆದವರೇ ಕೈಬಿಟ್ಟರೂ ಎಷ್ಟೋ ಕಚೇರಿಗಳಲ್ಲಿ ಆ ನಿಯಮ ಇವತ್ತಿಗೂ ಇದೆ. ಬೀಗ ಹಾಕಲು ಒಬ್ಬರ ಸಹಿ ಸಾಕು. ತೆಗೆಯಲು ಸಹಿ ಹಾಕುವವರು ಸಿಗುವುದಿಲ್ಲ, ನಾಳೆ ಏನಾದರೂ ಆದರೆ ಅವರ ಹೆಸರೇ ಮುಂದೆ ಬರುತ್ತದಲ್ಲ.

2020ರ ಮಾರ್ಚ್ ಈ ಭಾರವನ್ನೆಲ್ಲ ಹೊತ್ತು ಊರಿಗೆ ತಂದಿತು. ಲಾಕ್‌ಡೌನ್ ಆದಾಗ ಕಂಪನಿಗಳು ಲ್ಯಾಪ್‌ಟಾಪ್ ಮಾತ್ರವಲ್ಲ, ಡೆಸ್ಕ್‌ಟಾಪನ್ನೂ ಮನೆಗೆ ಕಳಿಸಿದವು. ಕೇಂದ್ರದ ದೂರಸಂಪರ್ಕ ಇಲಾಖೆ ಮನೆಯಿಂದ ಕೆಲಸ ಮಾಡಲು ಅಡ್ಡವಾಗಿದ್ದ ನಿಯಮಗಳನ್ನು ಸಡಿಲಿಸಿತು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಟೆಂಟ್ ಹಾಕಿದವರ ಸುದ್ದಿ ನಾವೆಲ್ಲ ಬರೆದೆವು, ನೀವೆಲ್ಲ ಓದಿದಿರಿ. ಆ ಸುದ್ದಿಗಳಲ್ಲಿ ಬಾರದೆ ಹೋದದ್ದು ವಿಪಿಎನ್ ಸಂಗತಿ. ಕಂಪನಿಯ ಹೊರಗೆ ಕೂತವರು ಒಳಗಿನ ಕೆಲಸ ಮಾಡಲು ಬಳಸುವ ಗುಪ್ತ ಸುರಂಗ ಅದು. ಬಹಳ ಕಡೆ ಎಲ್ಲವೂ ಅದರೊಳಗೇ ಹೋಗಬೇಕೆಂಬ ನಿಯಮ. ಪಕ್ಕದ ಹಳ್ಳಿಗೆ ಹೋಗಬೇಕಾದರೂ ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡಿಗೆ ಹೋಗಿ, ಬ್ಯಾಗ್ ತಪಾಸಣೆ ಮಾಡಿಸಿ ಮತ್ತೆ ಬಸ್ ಹತ್ತಿದ ಹಾಗೆ. ಎರಡು ಕಡ್ಡಿ ಸಿಗ್ನಲ್ ಇರುವ ಊರಿನಲ್ಲಿ ಆ ಸುರಂಗ ಪದೇ ಪದೇ ಕುಸಿಯುತ್ತದೆ. ಕುಸಿದಾಗಲೆಲ್ಲ ಮತ್ತೆ ಪಾಸ್‌ವರ್ಡ್, ಮತ್ತೆ ಫೋನಿಗೆ ಒಟಿಪಿ. ಆ ಒಟಿಪಿ ಬರುವುದೂ ಅದೇ ಎರಡು ಕಡ್ಡಿಯಲ್ಲಿ.

ಈ ಇಡೀ ಇತಿಹಾಸದಲ್ಲಿ ನಮಗೆ ಬಹಳ ಹಿಡಿಸಿದ್ದು ಒಂದು ವಿಮಾನ ಪ್ರಯಾಣದ ಪ್ರಸಂಗ. ಜಾರ್ಜ್ ಕರ್ಟ್ಜ್ ಎಂಬುವರು 2009ರಿಂದ ಮೆಕಾಫಿ ಕಂಪನಿಯ ಮುಖ್ಯ ತಾಂತ್ರಿಕ ಅಧಿಕಾರಿಯಾಗಿದ್ದರು. ಒಮ್ಮೆ ವಿಮಾನದಲ್ಲಿ ಪಕ್ಕದ ಸೀಟಿನವರು ಲ್ಯಾಪ್‌ಟಾಪ್ ತೆರೆದರು. ಅದರಲ್ಲಿದ್ದದ್ದು ಮೆಕಾಫಿಯ ತಂತ್ರಾಂಶವೇ. ಅದು ಸಿದ್ಧವಾಗಲು ಹದಿನೈದು ನಿಮಿಷ ಹಿಡಿಯಿತು, ಆ ಮನುಷ್ಯ ಸುಮ್ಮನೆ ಕಾಯುತ್ತಾ ಕೂತಿದ್ದ. ಕರ್ಟ್ಜ್ ಅದನ್ನು ನೋಡಿದರು. ಜಗತ್ತಿನ ಕೋಟ್ಯಂತರ ನೌಕರರು ಗೊಣಗುತ್ತಿದ್ದ ಸಂಗತಿ, ತಯಾರಿಸಿದವರ ಕಣ್ಣೆದುರೇ ನಡೆದುಹೋಯಿತು. ಹೊಸ ಕಂಪನಿ ಕಟ್ಟಲು ಆ ಪ್ರಸಂಗವೂ ಒಂದು ಪ್ರೇರಣೆ ಎಂದು ಮುಂದೆ ಅವರೇ ಹೇಳಿಕೊಂಡರು.

ಅವರು ಮೆಕಾಫಿಯಲ್ಲಿದ್ದಾಗಲೇ, 2010ರ ಏಪ್ರಿಲ್ 21ರಂದು ಇನ್ನೊಂದು ಘಟನೆ ಆಯಿತು. ಮೆಕಾಫಿ ಬಿಟ್ಟ ಅಪ್‌ಡೇಟ್ ಒಂದು ವಿಂಡೋಸ್‌ನ ಸ್ವಂತ ಫೈಲನ್ನೇ ವೈರಸ್ ಎಂದು ತಿಳಿದು ಕಿತ್ತು ಹಾಕಿತು. ಕಾವಲುಗಾರ ಮನೆ ಯಜಮಾನನನ್ನೇ ಕಳ್ಳ ಎಂದು ಹೊರದಬ್ಬಿದ ಹಾಗೆ. ಸಾವಿರಾರು ಕಚೇರಿ ಕಂಪ್ಯೂಟರುಗಳು ಆನ್ ಆಗುವುದು, ಆಫ್ ಆಗುವುದು, ಇಷ್ಟನ್ನೇ ಮಾಡುತ್ತಾ ಕೂತವು.

2011ರಲ್ಲಿ ಕರ್ಟ್ಜ್ ಮತ್ತು ಜೊತೆಗಾರರು ಕಟ್ಟಿದ ಕಂಪನಿಯ ಹೆಸರು ಕ್ರೌಡ್‌ಸ್ಟ್ರೈಕ್. ದೊಡ್ಡ ದೊಡ್ಡ ವೈರಸ್ ಪಟ್ಟಿಗಳನ್ನು ಲ್ಯಾಪ್‌ಟಾಪಿನಲ್ಲಿ ತುಂಬುವ ಬದಲು ಒಂದು ಪುಟ್ಟ ಕಾವಲು ತಂತ್ರಾಂಶ ಇಟ್ಟು, ಹೆಚ್ಚಿನ ವಿಚಾರಣೆಯನ್ನು ದೂರದ ಸರ್ವರಿನಲ್ಲಿ ಮಾಡುವುದು ಅವರ ಉಪಾಯ. ನಿಜವಾಗಿಯೂ ಹಗುರವಾಗಿತ್ತು, ಬ್ಯಾಂಕು, ವಿಮಾನ ಕಂಪನಿ, ಆಸ್ಪತ್ರೆಗಳು ಕೊಂಡವು. ಆದರೆ ಆ ಕಾವಲುಗಾರ ಕೂತದ್ದು ಕರ್ನಲ್ ಎಂಬ ಜಾಗದಲ್ಲಿ. ಅದು ವಿಂಡೋಸ್‌ನ ಗರ್ಭಗುಡಿ. ಹೊರಗಿನ ಪ್ರಾಂಗಣದಲ್ಲಿ ಯಾರಾದರೂ ಎಡವಿದರೆ ಅವರೊಬ್ಬರು ಬೀಳುತ್ತಾರೆ. ಗರ್ಭಗುಡಿಯಲ್ಲಿ ಎಡವಿದರೆ ದೇವಸ್ಥಾನವೇ ಬಾಗಿಲು ಹಾಕಬೇಕು.

2024ರ ಜುಲೈ 19, ಶುಕ್ರವಾರ. ನಮ್ಮ ಸಮಯ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಒಂದು ತಪ್ಪು ಅಪ್‌ಡೇಟ್ ಬಿಟ್ಟಿತು. 10 ಗಂಟೆ 57 ನಿಮಿಷಕ್ಕೆ ವಾಪಸ್ ತೆಗೆದುಕೊಂಡಿತು. ನಡುವಿನ 78 ನಿಮಿಷದಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನಗಳು ರದ್ದಾದವು, ಆಸ್ಪತ್ರೆಗಳಲ್ಲಿ ಕೆಲಸ ನಿಂತಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಆ ದಿನ ಪ್ರಯಾಣಿಕರು ಉದ್ದುದ್ದ ಸಾಲಿನಲ್ಲಿ ನಿಂತರು. ದೇಶದ ಕೆಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಟ್ಟರು, ನಮ್ಮ ಹಳೇ ಪಹಣಿಯ ಹಾಗೆ.

ಸರಿ ಮಾಡುವುದು ಸುಲಭವೇ ಇತ್ತು, ಒಂದು ಫೈಲ್ ಅಳಿಸಿದರೆ ಆಯಿತು. ಆದರೆ ಯಂತ್ರ ಆನ್ ಆಗದ ಮೇಲೆ ದೂರದಿಂದ ಅಳಿಸುವುದು ಹೇಗೆ? ಒಂದೊಂದರ ಮುಂದೆಯೂ ಮನುಷ್ಯರೇ ಹೋಗಿ ಕೂರಬೇಕಾಯಿತು. ಕೂತರೆ ಅಲ್ಲಿ ಹಳೆಯ ಬೀಗ, ಆ ಡಿಸ್ಕಿನ ಗೂಢಲಿಪಿ. ಅದನ್ನು ತೆರೆಯಲು 48 ಅಂಕಿಗಳ ಕೀಲಿ ಬೇಕು. ಕೆಲವು ಕಡೆ ಆ ಕೀಲಿಗಳನ್ನು ಇಟ್ಟಿದ್ದ ಸರ್ವರೂ ಅದೇ ಅಪ್‌ಡೇಟಿಗೆ ಬಲಿಯಾಗಿತ್ತು. ಒಂದು ಬೀಗದ ಕೀಲಿ ಇನ್ನೊಂದು ಬೀಗದ ಒಳಗೆ ಸಿಕ್ಕಿಕೊಂಡಿತು.

ಹಾಗಾದರೆ ನೌಕರರು ಏನು ಮಾಡಬೇಕು ಎಂದು ನಮ್ಮ ಓದುಗರ ಮಕ್ಕಳು ಕೇಳಬಹುದು. ಶೆರ್ ಮಾಡಿದ್ದನ್ನಂತೂ ಮಾಡಬೇಡಿ. ಆ್ಯಂಟಿವೈರಸ್ ನಿಲ್ಲಿಸಲು ನೋಡುವುದು, ಬೇಸತ್ತು ಕಂಪನಿ ಫೈಲನ್ನು ಸ್ವಂತ ಫೋನಿಗೆ ಅಥವಾ ವಾಟ್ಸ್‌ಆ್ಯಪಿಗೆ ಹಾಕಿಕೊಳ್ಳುವುದು, ಇವಕ್ಕೆ ಈಗ ಕೆಲಸವೇ ಹೋಗಬಹುದು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್, ಕೀಬೋರ್ಡ್ ತಾನೇ ಒತ್ತಿದಂತೆ ತೋರಿಸುತ್ತಿದ್ದ ಹತ್ತಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿತು. ಲ್ಯಾಪ್‌ಟಾಪ್ ನೋಡುತ್ತಿರುತ್ತದೆ.

ಅದರ ಬದಲು ಗಡಿಯಾರ ನೋಡಿ ಬರೆದಿಡಿ. 'ತುಂಬಾ ಸ್ಲೋ' ಎಂದು ಐಟಿ ವಿಭಾಗಕ್ಕೆ ಹೇಳಿದರೆ ಅವರು ರೀಸ್ಟಾರ್ಟ್ ಮಾಡಿ ಎನ್ನುತ್ತಾರೆ. ವಿಷಯ ಅಲ್ಲಿಗೇ ಮುಗಿಯುತ್ತದೆ. 'ಸೋಮವಾರ ಲಾಗಿನ್‌ಗೆ 11 ನಿಮಿಷ, ಮಂಗಳವಾರ ಮಧ್ಯಾಹ್ನ ತಪಾಸಣೆ ಓಡುವಾಗ 40 ನಿಮಿಷ ಕೆಲಸ ನಿಂತಿತು' ಎಂದು ಒಂದು ವಾರದ ಲೆಕ್ಕ ಕೊಟ್ಟರೆ ಅದು ಮ್ಯಾನೇಜರಿಗೂ ಅರ್ಥವಾಗುವ ಭಾಷೆ. ಟಾಸ್ಕ್ ಮ್ಯಾನೇಜರ್ ತೆರೆದು ಆ ಹೊತ್ತಿನಲ್ಲಿ ಯಾವ ತಂತ್ರಾಂಶ ಡಿಸ್ಕನ್ನು ತಿನ್ನುತ್ತಿದೆ ಎಂದು ನೋಡಿ, ಹೆಸರು ಸಮೇತ ಬರೆಯಿರಿ. ಪೂರ್ತಿ ತಪಾಸಣೆಯನ್ನು ಊಟದ ಹೊತ್ತಿಗೆ ಹಾಕಿ ಎಂದು ಕೇಳಬಹುದು. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸದ ಫೋಲ್ಡರಿಗೆ ವಿನಾಯಿತಿ ಕೇಳಬಹುದು. ಇದು ಅಪರಾಧದ ಮಾತಲ್ಲ. 2023ರಲ್ಲಿ ಮೈಕ್ರೋಸಾಫ್ಟೇ ವಿಂಡೋಸ್ 11ಕ್ಕೆ 'ಡೆವ್ ಡ್ರೈವ್' ಎಂಬ ಪ್ರತ್ಯೇಕ ಜಾಗ ಸೇರಿಸಿತು. ಅಲ್ಲಿ ಫೈಲನ್ನು ಮೊದಲು ತೆರೆಯಲು ಬಿಟ್ಟು, ತಪಾಸಣೆಯನ್ನು ಆಮೇಲೆ ಮಾಡಲು ಸಾಧ್ಯ. ತೆಂಗಿನಕಾಯಿ ಲಾರಿಯನ್ನು ನಿಲ್ಲಿಸದೆ ಬಿಟ್ಟು, ಗೋದಾಮಿನಲ್ಲಿ ಎಣಿಸಿದ ಹಾಗೆ.

ಕ್ರೌಡ್‌ಸ್ಟ್ರೈಕ್ ಘಟನೆಯ ನಂತರ 2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಇಂಥ ಕಾವಲು ತಂತ್ರಾಂಶ ಮಾಡುವ ಕಂಪನಿಗಳನ್ನೆಲ್ಲ ತನ್ನ ಕೇಂದ್ರ ಕಚೇರಿಗೆ ಕರೆದು ಮಾತನಾಡಿತು. ಕಾವಲುಗಾರರನ್ನು ಗರ್ಭಗುಡಿಯಿಂದ ಹೊರಗೆ, ಪ್ರಾಂಗಣದಲ್ಲಿ ಕೂರಿಸುವುದು ಹೇಗೆ ಎಂಬುದು ಅಲ್ಲಿ ಬಂದ ವಿಷಯಗಳಲ್ಲಿ ಮುಖ್ಯವಾದದ್ದು. ಅದಕ್ಕೆ ಬೇಕಾದ ವ್ಯವಸ್ಥೆಯನ್ನು 2025ರಲ್ಲಿ ಕೆಲವು ಕಂಪನಿಗಳಿಗೆ ಪರೀಕ್ಷೆಗೆ ಕೊಡುವುದಾಗಿ ಹೇಳಿತು. ಅದೇ ವರ್ಷ ಎನ್‌ಐಎಸ್‌ಟಿ ಕೂಡ ಪಾಸ್‌ವರ್ಡ್ ನಿಯಮದ ಹೊಸ ಆವೃತ್ತಿ ಪ್ರಕಟಿಸಿತು. 'ಸುಮ್ಮನೆ ಬದಲಿಸಲು ಹೇಳದಿದ್ದರೆ ಒಳ್ಳೆಯದು' ಎಂದು 2017ರಲ್ಲಿ ಇದ್ದದ್ದು ಅದರಲ್ಲಿ 'ಹೇಳಲೇಬಾರದು' ಎಂದಾಗಿದೆ. ನಿಮ್ಮ ಮನೆಯವರ ಕಚೇರಿಯಲ್ಲಿ ಇನ್ನೂ ತೊಂಬತ್ತು ದಿನದ ನಿಯಮ ಇದ್ದರೆ, ಆ ಲೆಕ್ಕದ ಕಾಗದದ ಜೊತೆಗೆ ಈ ಮಾತನ್ನೂ ಸೇರಿಸಿ ಕಳಿಸಬಹುದು.